ತಪಾಸಣೆ ಮಾಡಿ, ಆದರೆ ನಮ್ಮ ಮೀನು ಕೊಳೆಸಬೇಡಿ

ಕರ್ನಾಟಕ–ಕೇರಳ ಗಡಿಯ ತಲಪಾಡಿ ದಾಟುವುದು ಅಂದರೆ ಮೀನಿನ ಟೆಂಪೊದವರಿಗೆ ಈಗ ಶಿಕ್ಷೆಯೇ ಆಗಿಬಿಟ್ಟಿದೆ. ಎಷ್ಟು ದಿನ ಅಂತ ಸುಮ್ನೆ ಇರುವುದು?

ಮಂಗಳೂರಿನ ಮೀನು ಬಂದರು ದಕ್ಕೆಯಲ್ಲಿ ಬೆಳಗ್ಗೆ ಏಲಂ ಮುಗಿಯಬೇಕು. ಬಾಕ್ಸಿಗೆ ಐಸ್ ಹಾಕಿ, ಟೆಂಪೊಗೆ ಏರಿಸಿ, ನೇತ್ರಾವತಿ ಸೇತುವೆ ದಾಟಿ, ತೊಕ್ಕೊಟ್ಟು ಬಿಟ್ಟರೆ ಗಡಿ ದೂರವೇನಿಲ್ಲ. ಅಲ್ಲಿಂದಾಚೆ ಹೊಸಂಗಡಿ, ಉಪ್ಪಳ, ಕುಂಬಳೆ. ನಮ್ಮ ಟೆಂಪೊ ಬರುತ್ತದೆ ಅಂತ ಅಲ್ಲಿ ಮೀನು ಮಾರುವ ಹೆಂಗಸರು ಕಾದು ಕೂತಿರುತ್ತಾರೆ. ಅವರು ಬುಟ್ಟಿ ತುಂಬಿಸಿಕೊಂಡು ಮನೆ ಮನೆಗೆ ಹೋಗಬೇಕು. ಹನ್ನೊಂದು ಗಂಟೆ ಮೇಲೆ ಬಂಗುಡೆ ಇಳಿಸಿದರೆ ಯಾರಿಗೆ ಬೇಕು? ಅಷ್ಟೊತ್ತಿಗೆ ಎಲ್ಲರ ಮನೆಯಲ್ಲಿ ಸಾರು ಕುದ್ದು ಆಗಿರುತ್ತದೆ.

ಮೊನ್ನೆ ಗಡಿಯಲ್ಲಿ ತಪಾಸಣೆಯವರು ನಿಲ್ಲಿಸಿದರು. ‘ಪೂರಾ ಇಳಿಸು’ ಅಂದರು. ಯಾಕೆ ಸಾರ್ ಅಂತ ಕೇಳಿದೆ. ಮೇಲಿನಿಂದ ಆರ್ಡರ್ ಅಂತೆ. ಮೇಲಿನ ನಾಲ್ಕು ಬಾಕ್ಸ್ ನೋಡಿ ಸಾರ್, ಬೇಕಾದರೆ ನಡುವಿನದ್ದೂ ತೆಗೆದು ತೋರಿಸುತ್ತೇನೆ ಅಂದೆ. ಕೇಳಲಿಲ್ಲ. ಡಾಂಬರಿನ ಮೇಲೆ, ನೆತ್ತಿ ಸುಡುವ ಬಿಸಿಲಲ್ಲಿ ಎಲ್ಲ ಬಾಕ್ಸ್ ಇಳಿಸಿದೆವು. ಮುಚ್ಚಳ ತೆಗೆದಿಟ್ಟೆವು. ಆಮೇಲೆ ಅವರು ಫೋನಿನಲ್ಲಿ ಮಾತಾಡುತ್ತಾ ಅತ್ತ ಹೋದರು. ಐಸ್ ಕರಗಿ ನೀರಾಗಿ ಹರಿಯಿತು. ಬೂತಾಯಿ ಗೊತ್ತಲ್ವಾ, ಬಿಸಿ ತಾಗಿದರೆ ಹೊಟ್ಟೆ ಒಡೆದುಬಿಡುತ್ತದೆ. ಹೊಟ್ಟೆ ಒಡೆದ ಬೂತಾಯಿಗೆ ಅರ್ಧ ರೇಟೂ ಇಲ್ಲ. ವಾಪಸ್ ಬಂದು ‘ಸರಿ, ಹೋಗು’ ಅಂದರು. ಒಂದು ಬಾಕ್ಸಿನೊಳಗೂ ಕೈ ಹಾಕಿ ನೋಡಲಿಲ್ಲ. ಒಂದಕ್ಕೂ! ಉಪ್ಪಳ ಮುಟ್ಟುವಾಗ ನಮಗೆ ಕಾಯುತ್ತಿದ್ದ ಹೆಂಗಸರು ಬೇರೆ ಟೆಂಪೊದಿಂದ ಮೀನು ತೆಗೆದುಕೊಂಡು ಹೋಗಿಯಾಗಿತ್ತು. ಅವರ ತಪ್ಪೇನೂ ಇಲ್ಲ. ಅವರದ್ದೂ ಹೊಟ್ಟೆಪಾಡು.

ಕೆಲವರು ಇ-ವೇ ಬಿಲ್, ಅಂದರೆ ಮಾಲು ಸಾಗಿಸಲು ಆನ್‌ಲೈನಿನಲ್ಲಿ ಮಾಡಿಸುವ ಚೀಟಿ, ಎಲ್ಲಿ ಅಂತ ಕೇಳುತ್ತಾರೆ. ತಾಜಾ ಮೀನಿಗೆ ಜಿಎಸ್‌ಟಿಯೇ ಇಲ್ಲ. ತೆರಿಗೆ ಇಲ್ಲದ ಈ ಮಾಲಿಗೆ ಇ-ವೇ ಬಿಲ್ಲೂ ಬೇಡ. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗ, ಇನ್ನು ರಾಜ್ಯದ ಗಡಿಯಲ್ಲಿ ತೆರಿಗೆಗೆ ಅಂತ ಗಾಡಿ ನಿಲ್ಲಿಸುವುದಿಲ್ಲ ಅಂತ ಎಷ್ಟು ಸಂತೋಷಪಟ್ಟಿದ್ದೆವು. ನಿಲ್ಲುವುದು ಮಾತ್ರ ತಪ್ಪಲಿಲ್ಲ. ಒಬ್ಬರು ಹೋದರೆ ಇನ್ನೊಬ್ಬರು ಕೈ ಅಡ್ಡ ಹಿಡಿಯುತ್ತಾರೆ. ಈಚೆ ಒಂದು ಸಲ, ಆಚೆ ಇನ್ನೊಂದು ಸಲ. ಇವರು ನೋಡಿದ್ದನ್ನು ಅವರು ನಂಬುವುದಿಲ್ಲ.

ತಪಾಸಣೆಯೇ ಬೇಡ ಅಂತ ನಾನು ಹೇಳುತ್ತಿಲ್ಲ. ಎಂಡಿಎಂಎ ಡ್ರಗ್ಸ್ ತಿಂದು ನಮ್ಮ ಊರಿನ ಹುಡುಗರೇ ಹಾಳಾಗುತ್ತಿದ್ದಾರೆ. ಅದನ್ನು ಸಾಗಿಸುವವನನ್ನು ಹಿಡಿಯಿರಿ, ಒಳಗೆ ಹಾಕಿ. 2018ರಲ್ಲಿ ಕೇರಳದವರು, ಕೆಡದ ಹಾಗೆ ಫಾರ್ಮಾಲಿನ್ ಅನ್ನುವ ರಾಸಾಯನಿಕ ಹಾಕಿದ ಮೀನು ಹಿಡಿದರು. ಸರಿಯಾಗಿಯೇ ಮಾಡಿದರು. ವಿಷ ಹಾಕುವವನಿಂದ ನಮಗೆಲ್ಲ ಕೆಟ್ಟ ಹೆಸರು. ಮೀನಿನ ನೀರು ರಸ್ತೆಗೆ ಚೆಲ್ಲಿಕೊಂಡು ಹೋಗುವ ಗಾಡಿಗೂ ದಂಡ ಹಾಕಿ, ಬೈಕಿನವರು ಜಾರಿ ಬೀಳುತ್ತಾರೆ. ಆದರೆ ಫಾರ್ಮಾಲಿನ್ ಇದೆಯಾ ಇಲ್ಲವಾ ಅಂತ ನೋಡಲು ಎಲ್ಲ ಬಾಕ್ಸ್ ಬಿಸಿಲಿಗೆ ಹರಡಬೇಕಾ? ಕೊಚ್ಚಿಯ ಕೇಂದ್ರ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಅದಕ್ಕಂತಲೇ ಕಾಗದದ ಪಟ್ಟಿ ತಯಾರು ಮಾಡಿದೆ. ಮೀನಿನ ಮೇಲೆ ಉಜ್ಜಿ, ಒಂದು ಹನಿ ದ್ರಾವಣ ಬಿಟ್ಟರೆ ಬಣ್ಣ ಹೇಳುತ್ತದೆ. ನಿಮಿಷಗಳ ಕೆಲಸ. ಅದನ್ನು ದಕ್ಕೆಯಲ್ಲಿ ಲೋಡ್ ಮಾಡುವಾಗಲೇ ಮಾಡಿ, ಸೀಲ್ ಹಾಕಿ ಕಳಿಸಬಾರದಾ?

ಹೈವೇಯಲ್ಲಿ ದಿನಾ ಒಂದೇ ಹೊತ್ತಿಗೆ, ಒಂದೇ ನಂಬರಿನ ಗಾಡಿಯಲ್ಲಿ ಹೋಗುವ ನಮ್ಮನ್ನು ತಡೆಯುತ್ತಾರಲ್ಲ, ನನಗೆ ಜಾಸ್ತಿ ಉರಿಯುವುದು ಅದಕ್ಕೆ. ಇಲ್ಲಿ ಎರಡು ರಾಜ್ಯದ ನಡುವೆ ಊರೊಳಗಿನ ದಾರಿ ಎಷ್ಟಿಲ್ಲ! ತೋಟದ ಬದಿಯಲ್ಲಿ, ಗುಡ್ಡದ ಮೇಲೆ, ಶಾಲೆ ಹಿಂದೆ. ಕಳ್ಳಮಾಲು ಇದ್ದವನು ತಲಪಾಡಿಯ ಸಾಲಿನಲ್ಲಿ ಬಂದು ನಿಲ್ಲುತ್ತಾನಾ? ನಿಲ್ಲುವವರು ನಾವು, ಕಾಲೇಜಿಗೆ ಬರುವ ಮಕ್ಕಳು, ಡಯಾಲಿಸಿಸ್‌ಗೆ ಮಂಗಳೂರಿಗೆ ಬರುವವರು. ಮಗಳನ್ನು ಆಚೆ ಮಂಜೇಶ್ವರಕ್ಕೆ ಕೊಟ್ಟವರು ಈಚೆ ಉಳ್ಳಾಲದಲ್ಲಿ ಎಷ್ಟು ಮಂದಿ ಇಲ್ಲ!

2020ರಲ್ಲಿ ಕೊರೊನಾ ಬಂದಾಗ ಕರ್ನಾಟಕದವರು ಆ ಸಣ್ಣ ದಾರಿಗಳಿಗೂ ಮಣ್ಣು ಸುರಿದು ಬಂದ್ ಮಾಡಿದ್ದರು. ಆಂಬುಲೆನ್ಸ್ ಕೂಡ ಬಿಡಲಿಲ್ಲ. ಮಂಗಳೂರಿನ ಆಸ್ಪತ್ರೆಗೆ ಬರಲಾಗದೆ ಕಾಸರಗೋಡಿನವರು ಸತ್ತರು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ದಾರಿ ತೆಗೆಸಿ ಅಂತ ಕೇಂದ್ರಕ್ಕೆ ಹೇಳಿತು. ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ರೋಗಿಗಳನ್ನು ಹೇಗೆ ಬಿಡುವುದು ಅಂತ ಆಮೇಲೆ ಒಂದು ಒಪ್ಪಂದ ಆಯಿತು. ಅದನ್ನು ಮೊದಲ ದಿನವೇ ಮಾಡಬಹುದಿತ್ತು. ಗಡಿ ಅಂದ ಕೂಡಲೇ ಮೊದಲು ಮುಚ್ಚುವುದು, ಯೋಚನೆ ಆಮೇಲೆ. ಈಗಲೂ ಅದೇ ಬುದ್ಧಿ.

ಚುನಾವಣೆ ಬಂದರೆ ಕೇಳುವುದೇ ಬೇಡ. ಈಚೆ ವಿಧಾನಸಭೆಗೆ ಒಂದು ವರ್ಷ, ಆಚೆ ಇನ್ನೊಂದು ವರ್ಷ. ಎರಡೂ ಸಲ ಕಷ್ಟ ನಮಗೆ. ಮೀನು ಮಾರಿದ ದುಡ್ಡು 50,000 ದಾಟಿದರೆ ಲೆಕ್ಕ ಕೊಡು ಅನ್ನುತ್ತಾರೆ. ಒದ್ದೆ ಕೈಯಲ್ಲಿ ಕೊಟ್ಟ ನೋಟಿಗೆ ಮಾರ್ಕೆಟಿನ ಹೆಂಗಸರು ಯಾವ ರಶೀದಿ ಬರೆದುಕೊಡಬೇಕು?

ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ, ಹೇಗೂ ಯಾಂತ್ರಿಕ ಬೋಟ್ ಕಡಲಿಗಿಳಿಯುವುದಿಲ್ಲ. ಉಳಿದ ಹತ್ತು ತಿಂಗಳಲ್ಲಿ ವರ್ಷದ ಅನ್ನ ದುಡಿಯಬೇಕು. ದಿನಾ ಹೋಗುವ ಗಾಡಿಗಳ ಪಟ್ಟಿ ಮಾಡಿ, ಪಾಸ್ ಕೊಡಿ. ಅನುಮಾನ ಬಂದರೆ ನೆರಳಲ್ಲಿ ನಿಲ್ಲಿಸಿ ನೋಡಿ. ಎರಡೂ ರಾಜ್ಯದವರು ಒಂದೇ ಕಡೆ, ಒಂದೇ ಸಲ ನೋಡಿ. ಇದೂ ಆಗದಿದ್ದರೆ ಒಂದು ಚೀಟಿಯಾದರೂ ಬರೆದುಕೊಡಿ: ಎಷ್ಟು ಗಂಟೆಗೆ ನಿಲ್ಲಿಸಿದಿರಿ, ಯಾಕೆ ನಿಲ್ಲಿಸಿದಿರಿ, ಎಷ್ಟು ಗಂಟೆಗೆ ಬಿಟ್ಟಿರಿ, ಕೆಳಗೆ ನಿಮ್ಮ ಹೆಸರು, ಸಹಿ. ಮೀನು ಹಾಳಾದ ದಿನ ಯಾರನ್ನು ಕೇಳಬೇಕು ಅಂತ ನಮಗೂ ಗೊತ್ತಿರಬೇಕಲ್ವಾ.