ರಿಕ್ತಾ ತಿಥಿ ಪೂಜೆಗೆ ವರ್ಜ್ಯವಲ್ಲ

ಚೌತಿ, ನವಮಿ, ಚತುರ್ದಶಿಗಳು ರಿಕ್ತಾ (ಅಂದರೆ ‘ಬರಿದಾದ’) ತಿಥಿಗಳಾದ್ದರಿಂದ ಆ ದಿನಗಳ ದೇವತಾರಾಧನೆಯೂ ನಿಷ್ಫಲವೆಂದು ತಿಥಿ ಮತ್ತು ಪೂಜೆಗಳ ಕುರಿತ ಲೇಖನವೊಂದರಲ್ಲಿ ಅದರ ಲೇಖಕರು ಬರೆದಿರುವುದನ್ನು ಒಪ್ಪಲಾಗದು. ಮುಹೂರ್ತಶಾಸ್ತ್ರ ರಿಕ್ತೆಯನ್ನು ದೂರವಿಡುವುದು ವಿವಾಹ, ಗೃಹಪ್ರವೇಶದಂಥ ಶುಭಕಾರ್ಯಗಳಿಗೆ. ವ್ರತಪೂಜೆಗಳಿಗೂ ಆ ನಿಷೇಧ ಅನ್ವಯಿಸುವುದಾದರೆ ಭಾದ್ರಪದ ಶುಕ್ಲ ಚೌತಿಯ ಗಣೇಶನನ್ನೂ ಚೈತ್ರ ಶುಕ್ಲ ನವಮಿಯ ರಾಮನನ್ನೂ ಮಾಘ ಬಹುಳ ಚತುರ್ದಶಿಯ ಶಿವರಾತ್ರಿಯನ್ನೂ ಪಂಚಾಂಗದಿಂದಲೇ ತೆಗೆದುಹಾಕಬೇಕಾದೀತು! ಅಷ್ಟೇಕೆ, ಮುಹೂರ್ತದ ಲೆಕ್ಕದಲ್ಲೇ ರಿಕ್ತಾ ತಿಥಿ ಶನಿವಾರ ಬಂದರೆ ಅದನ್ನು ಸಿದ್ಧಯೋಗವೆಂದು, ಅಂದರೆ ಶುಭಯೋಗವೆಂದು, ಎಣಿಸುತ್ತಾರೆ.

ಸೂರ್ಯೋದಯಕ್ಕಿರುವ ತಿಥಿಯೇ ದಿನವಿಡೀ ಎಲ್ಲ ಪೂಜೆಗೂ ಪ್ರಮಾಣವೆಂಬ ಆ ಲೇಖನದ ಮಾತೂ ಅರ್ಧಸತ್ಯ. ಚಂದ್ರನು ಸೂರ್ಯನಿಂದ 12 ಡಿಗ್ರಿ ಮುಂದೆ ಸರಿಯುವ ಅವಧಿಯೇ ತಿಥಿ. ಚಂದ್ರನ ಗತಿ ಏಕರೂಪವಲ್ಲದ ಕಾರಣ ಅದು ಸುಮಾರು 19ರಿಂದ 26 ಗಂಟೆಗಳವರೆಗೆ ಹಿಗ್ಗಿ ಕುಗ್ಗುತ್ತದೆ. ಹೀಗಾಗಿ ಬೆಳಿಗ್ಗೆ ತದಿಗೆಯಿದ್ದು ರಾತ್ರಿಯ ಚಂದ್ರೋದಯಕ್ಕೆ ಚೌತಿ ಬಂದಿದ್ದರೆ ಸಂಕಷ್ಟಹರ ಗಣಪತಿ ವ್ರತ ಅಂದೇ, ಏಕೆಂದರೆ ಅಲ್ಲಿ ಸೂರ್ಯೋದಯದ ತಿಥಿಗೆ ಮಹತ್ವವಿಲ್ಲ. ಹಾಗೆಯೇ ತಿಥಿ ಇರಬೇಕಾದ ಹೊತ್ತು ಶಿವರಾತ್ರಿಗೆ ನಿಶೀಥ (ನಡುರಾತ್ರಿ), ರಾಮನವಮಿಗೆ ಮಧ್ಯಾಹ್ನ, ಶ್ರಾದ್ಧಕ್ಕೆ ಅಪರಾಹ್ಣ (ಮಧ್ಯಾಹ್ನದ ನಂತರದ ಹೊತ್ತು). ಏಕಾದಶಿಯಲ್ಲಂತೂ ಸ್ಮಾರ್ತರೂ ವೈಷ್ಣವರೂ ಕೆಲವೊಮ್ಮೆ ಬೇರೆ ಬೇರೆ ದಿನ ಉಪವಾಸವಿರುವುದಕ್ಕೆ ಅರುಣೋದಯದ ದಶಮೀವೇಧವೇ (ಸೂರ್ಯೋದಯಕ್ಕೆ ತುಸು ಮುಂಚಿನ ಹೊತ್ತಿನಲ್ಲಿ ಹಿಂದಿನ ತಿಥಿಯಾದ ದಶಮಿ ಇನ್ನೂ ಉಳಿದಿರುವುದೇ) ಮುಖ್ಯ ಕಾರಣವಾಗಿದ್ದು, ಲೇಖನ ಆ ವಿಚಾರವನ್ನು ಮುಟ್ಟಿಯೇ ಇಲ್ಲ.