ಕಿಡ್ನಿ ಸೋತ ನಾಯಕಿಗೆ ಎಳನೀರು

ಅಮ್ಮನ ಕಿಡ್ನಿಗಳು ಸೋತಿವೆ. ರಕ್ತವನ್ನು ಯಂತ್ರದಿಂದ ಶುದ್ಧ ಮಾಡಿಸುವ ಡಯಾಲಿಸಿಸ್‌ಗೆ ಅವಳಿಗೆ ಮಂಗಳವಾರ, ಗುರುವಾರ, ಶನಿವಾರ ಸಂಜೆ ಐದರಿಂದ ಒಂಬತ್ತರ ಪಾಳಿ. ಡಯಾಲಿಸಿಸ್ ಕೋಣೆಯಲ್ಲಿ ಎಂಟು ಮಂಚ, ಎಂಟು ಯಂತ್ರ, ಗೋಡೆಯ ಮೇಲೊಂದು ಟಿವಿ. ಆ ಹೊತ್ತಿನಲ್ಲಿ ಬರುವುದೆಲ್ಲ ಧಾರಾವಾಹಿಗಳೇ. ಕಳೆದ ವರ್ಷ ಅವುಗಳಲ್ಲೊಂದರ ನಾಯಕಿಗೆ ಎರಡೂ ಕಿಡ್ನಿ ಕೈಕೊಟ್ಟವು. ಅಂದಿನಿಂದ ಎಂಟೂ ಮಂಚದವರ ಕಣ್ಣು ಆ ಟಿವಿಯ ಮೇಲೆ. ಬಿಪಿ ನೋಡಲು ನರ್ಸ್ ಅಡ್ಡ ಬಂದರೆ "ಸ್ವಲ್ಪ ಪಕ್ಕಕ್ಕೆ ನಿಲ್ಲಮ್ಮ" ಎನ್ನುತ್ತಿದ್ದರು. ತಮ್ಮ ಪಾಡು ಕೊನೆಗೂ ಯಾರದೋ ಕಣ್ಣಿಗೆ ಬಿತ್ತಲ್ಲ ಎಂಬ ಆಸೆ ಅದು.

ಮೂರನೆಯ ಸಂಚಿಕೆಯಲ್ಲಿ ನಾಯಕ ಆಸ್ಪತ್ರೆಗೆ ಬಂದು, ಹೆಂಡತಿಯ ತಲೆಯನ್ನು ತೋಳಿನ ಮೇಲೆ ಒರಗಿಸಿಕೊಂಡು, ಎಳನೀರು ಕುಡಿಸಿದ. "ಅಯ್ಯೋ, ಕುಡಿಸಬೇಡಪ್ಪಾ!" ಎಂದು ಪಕ್ಕದ ಮಂಚದ ನಿವೃತ್ತ ಮೇಷ್ಟ್ರು ಕೂಗಿಯೇಬಿಟ್ಟರು. ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು. ಕಿಡ್ನಿ ಸೋತವರ ಮೈ ಅದನ್ನು ಹೊರಗೆ ಹಾಕಲಾರದು. ರಕ್ತದಲ್ಲಿ ಮಿತಿಮೀರಿದರೆ ಹೃದಯವೇ ನಿಂತುಹೋಗಬಹುದು. ಬಾಳೆಹಣ್ಣು ಬಿಟ್ಟು, ತರಕಾರಿ ಬೇಯಿಸಿದ ನೀರನ್ನು ಬಸಿದು ಚೆಲ್ಲಿ ಉಣ್ಣುವ ಜನ ಅವರು. ಅವರ ಎದುರಿಗೇ ಆ ದೃಶ್ಯ. ಹಿನ್ನೆಲೆಯಲ್ಲಿ ಕೊಳಲು ಬೇರೆ. ಅಮ್ಮ ಮುಖ ಆಚೆಗೆ ತಿರುಗಿಸಿಕೊಂಡಳು.

ಎಳನೀರಿನ ತಪ್ಪನ್ನಾದರೂ ಕ್ಷಮಿಸಬಹುದು. ಒಬ್ಬ ನರ್ಸನ್ನು ಕೇಳಿದ್ದರೆ ತಿದ್ದಿಕೊಡುತ್ತಿದ್ದರು. ನನ್ನಿಂದ ಇವತ್ತಿಗೂ ಕ್ಷಮಿಸಲಾಗದೇ ಇರುವುದು ಎರಡು ವಾರದ ಬಳಿಕ ಪರದೆಯ ಮೇಲೆ ಮೂಡಿದ ಮೂರು ಪದಗಳನ್ನು: 'ಆರು ತಿಂಗಳ ನಂತರ'. ನಾಯಕಿ ಜರಿ ಸೀರೆಯುಟ್ಟು ತುಳಸಿಗೆ ನೀರೆರೆಯುತ್ತಿದ್ದಳು. "ಆ ಆರು ತಿಂಗಳು ಅವಳನ್ನು ಯಾರು ನೋಡಿಕೊಂಡರೋ?" ಎಂದಳು ಅಮ್ಮ.

ಎರಡೂವರೆ ಗಂಟೆಯಲ್ಲಿ ಮುಗಿಯಬೇಕಾದ ಸಿನಿಮಾ ಹೀಗೆ ಹಾರಿದರೆ ಅರ್ಥವಾಗುತ್ತದೆ. ಧಾರಾವಾಹಿಗೆ ಏನು ಅವಸರ? ವಾರಕ್ಕೆ ಐದಾರು ದಿನ, ವರ್ಷಗಟ್ಟಲೆ ನಡೆಯುತ್ತದೆ. ಅರಿಶಿನ ಶಾಸ್ತ್ರಕ್ಕೆ ವಾರ ಕೊಡುತ್ತಾರೆ, ಕಳೆದುಹೋದ ತಾಳಿಯನ್ನು ಹುಡುಕಲು ಎರಡು ವಾರ ಕೊಡುತ್ತಾರೆ. ಕಾಯಿಲೆಯ ನಡಿಗೆಯೂ ಧಾರಾವಾಹಿಯದೇ. ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ, ಮತ್ತೆ ನಾಡಿದ್ದು. ಇದನ್ನು ಹೇಳಲು ಇಷ್ಟು ಹೊಂದುವ ಕಥನ ಪ್ರಕಾರ ಇನ್ನೊಂದಿಲ್ಲ. ಆದರೂ ಕಾಯಿಲೆ ಅಲ್ಲಿಗೆ ಬರುವುದು ಅತ್ತೆಯ ಮನಸ್ಸು ಕರಗಿಸಲು, ಇಲ್ಲವೇ ಮುರಿದ ಜೋಡಿಯನ್ನು ಒಂದು ಮಾಡಲು. ಆ ಕೆಲಸ ಆದ ಮರುದಿನ ವಾಸಿಯಾಗಿಬಿಡುತ್ತದೆ.

ಅಮ್ಮನ ಎಡಗೈಯಲ್ಲಿ ರಕ್ತನಾಳಗಳನ್ನು ಕೂಡಿಸಿ ಫಿಸ್ಟುಲಾ ಮಾಡಿದ್ದಾರೆ. ಅದು ಬಲಿತು ಡಯಾಲಿಸಿಸ್ ಸೂಜಿಗೆ ಒದಗಲು ಎರಡು ತಿಂಗಳು ಹಿಡಿಯಿತು. ಮೇಲೆ ಬೆರಳಿಟ್ಟರೆ ಒಳಗೆ ದುಂಬಿ ಕೂತಂತೆ ಅದುರುತ್ತದೆ. ಬೆಳಿಗ್ಗೆ ಎಚ್ಚರವಾದೊಡನೆ, ದೇವರ ಪಟದ ಕಡೆ ನೋಡುವುದಕ್ಕೂ ಮೊದಲು, ಅಮ್ಮ ಅದನ್ನು ಮುಟ್ಟಿ ನೋಡಿಕೊಳ್ಳುತ್ತಾಳೆ. ಅದುರು ನಿಂತಿದ್ದರೆ ಆಸ್ಪತ್ರೆಗೆ ಓಡಬೇಕು. ಆ ಕೈಗೆ ಬಿಗಿ ಬಳೆಯಿಲ್ಲ, ಆ ಮಗ್ಗುಲಿಗೆ ಮಲಗುವಂತಿಲ್ಲ. ಬೇಸಿಗೆಯಲ್ಲೂ ದಿನಕ್ಕೆ ಒಂದು ಲೀಟರ್ ನೀರು, ಮಾತ್ರೆಗೆ ಕುಡಿದದ್ದೂ ಸಾರಿನದ್ದೂ ಸೇರಿ. ಮಧ್ಯಾಹ್ನ ಬಾಯಿ ಒಣಗಿದಾಗ ಒಂದು ಐಸ್ ತುಂಡನ್ನು ನಾಲಿಗೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿ ಕೂತಿರುತ್ತಾಳೆ. ಆ ಹೊತ್ತಿನಲ್ಲಿ ಅವಳ ಮುಖವನ್ನು ಒಬ್ಬ ಒಳ್ಳೆಯ ನಟಿ ಅರ್ಧ ನಿಮಿಷ ತೋರಿಸಿದರೆ ಸಾಕು, ನೋಡುವವರ ಗಂಟಲೂ ಒಣಗುತ್ತದೆ.

ದಿನಕ್ಕೆ ಮೂರು ನಾಲ್ಕು ಚೌಕಗಳಲ್ಲಿ ಇದನ್ನು ಮಾಡಿ ತೋರಿಸಿದವರಿದ್ದಾರೆ. ಟಾಮ್ ಬಟ್ಯೂಕ್ ಎಂಬ ಅಮೆರಿಕದ ವ್ಯಂಗ್ಯಚಿತ್ರಕಾರರು 1972ರಿಂದ 'ಫಂಕಿ ವಿಂಕರ್‌ಬೀನ್' ಎಂಬ ಚಿತ್ರಪಟ್ಟಿಯನ್ನು (ಕಾಮಿಕ್ ಸ್ಟ್ರಿಪ್) ಪತ್ರಿಕೆಗಳಿಗೆ ಬರೆಯುತ್ತಿದ್ದರು. ಅದರ ಪಾತ್ರವಾದ ಲೀಸಾಗೆ 1999ರಲ್ಲಿ ಸ್ತನ ಕ್ಯಾನ್ಸರ್ ಬಂತು, ಗುಣವಾಯಿತು, ವರ್ಷಗಳ ನಂತರ ಮರುಕಳಿಸಿತು. ಈ ನಡುವೆ ಬಟ್ಯೂಕ್ ಅವರೂ ಕ್ಯಾನ್ಸರ್ ಚಿಕಿತ್ಸೆ ಪಡೆದು ಬಂದಿದ್ದರು. 2007ರ ಅಕ್ಟೋಬರ್‌ನಲ್ಲಿ ಲೀಸಾ ತೀರಿಕೊಂಡಳು. ನಗಿಸಬೇಕಾದ ಜಾಗದಲ್ಲಿ ಇದೇಕೆ ಎಂದು ಬೇಸರಪಟ್ಟ ಓದುಗರಿದ್ದರು. ಆದರೆ ಲೀಸಾ ಅವರ ಪಾಲಿಗೆ ವರ್ಷಗಳಿಂದ ಬೆಳಗಿನ ಕಾಫಿಯ ಜೊತೆಗೆ ಸಿಗುತ್ತಿದ್ದ ಹೆಂಗಸು. ಅವಳ ಕಾಯಿಲೆಯೂ ಅದೇ ಕಾಫಿಯ ಜೊತೆ, ದಿನಕ್ಕಿಷ್ಟು ಎಂಬಂತೆ ಅವರ ಮನೆಯೊಳಗೆ ಬಂತು. ದಿನವೂ ಬರುವ ಕಥೆಗೆ ಮಾತ್ರ ದಕ್ಕುವ ಶಕ್ತಿ ಇದು.

ನಮ್ಮ ಆ ನಾಯಕಿಗೆ ಕಿಡ್ನಿ ಸಿಕ್ಕಿದ್ದು ಹೇಗೆ ಗೊತ್ತೇ? ಅವಳನ್ನು ದ್ವೇಷಿಸುತ್ತಿದ್ದ ಓರಗಿತ್ತಿ ಯಾರಿಗೂ ಹೇಳದೆ ರಾತ್ರೋರಾತ್ರಿ ಕೊಟ್ಟಳು. ಅಂಗಾಂಗ ಕಸಿಗೆಂದು 1994ರಿಂದ ಕಾಯ್ದೆಯಿದೆ. ಗಂಡ, ಹೆಂಡತಿ, ತಂದೆ ತಾಯಿ, ಒಡಹುಟ್ಟಿದವರು, ಮಕ್ಕಳಂಥ ಹತ್ತಿರದವರನ್ನು ಬಿಟ್ಟು ಬೇರೆಯವರು ಕೊಡುವುದಾದರೆ ಸಮಿತಿಯ ಅನುಮತಿ ಬೇಕು. ಕೊಡುವವರಿಲ್ಲದವರು ರಾಜ್ಯದ ಅಂಗಾಂಗ ದಾನದ ಸಂಸ್ಥೆಯಾದ ಜೀವಸಾರ್ಥಕತೆಯಲ್ಲಿ ಹೆಸರು ನೋಂದಾಯಿಸಿ ಕಾಯುತ್ತಾರೆ. ಮೇಷ್ಟ್ರು ಹಾಗೆ ಕಾಯುತ್ತಿರುವವರು. ಸ್ನಾನಕ್ಕೆ ಹೋಗುವಾಗಲೂ ಮೊಬೈಲನ್ನು ಬಾಗಿಲ ಬಳಿ ಇಟ್ಟು ಹೋಗುತ್ತಾರಂತೆ.

ಇನ್ನೊಂದು ಮಾತು. ನಮ್ಮ ದೇಶದಲ್ಲಿ ಬದುಕಿರುವಾಗಲೇ ಕಿಡ್ನಿ ಕೊಡುವವರಲ್ಲಿ ಹೆಂಗಸರೇ ಹೆಚ್ಚು. ಹೆಂಗಸರೇ ಹೆಚ್ಚಾಗಿ ನೋಡುವ ಧಾರಾವಾಹಿಗಳಲ್ಲಿ ಈ ಮಾತು ಎಂದಾದರೂ ಬಂದದ್ದನ್ನು ನಾನು ಕಂಡಿಲ್ಲ. ನಮ್ಮ ಮನೆಯಲ್ಲಿ 'ಯಾರು ಕೊಡುವುದು' ಎಂಬ ಮಾತೆದ್ದದ್ದು ರಾತ್ರಿ ಊಟದ ಹೊತ್ತಿಗೆ. ಅಣ್ಣ ಚಪಾತಿ ಮುರಿಯುತ್ತಿದ್ದವನು ಹಾಗೆಯೇ ಕೈ ತಡೆದ. ಅತ್ತಿಗೆ ಅವನ ಮುಖವನ್ನೇ ನೋಡುತ್ತಿದ್ದಳು. ಅಪ್ಪನಿಗೆ ಸಕ್ಕರೆ ಕಾಯಿಲೆ, ಅವರು ಆಗುವುದಿಲ್ಲ. "ನಾನು ಕೊಡುತ್ತೇನೆ" ಎಂದೆ. "ನಿನಗಿನ್ನೂ ಮದುವೆಯಾಗಬೇಕು, ಸುಮ್ಮನೆ ಊಟ ಮಾಡು" ಎಂದು ಅಮ್ಮ ನನ್ನ ತಟ್ಟೆಗೆ ಪಲ್ಯ ಬಡಿಸಿದಳು. ಆಮೇಲೆ ಯಾರೂ ಮಾತಾಡಲಿಲ್ಲ.

ಧಾರಾವಾಹಿ ಬರೆಯುವವರೇ, ಈ ಊಟವನ್ನು ಬರೆಯಿರಿ. ಒಂದು ವಾರ ತೆಗೆದುಕೊಳ್ಳಿ, ಎರಡು ವಾರ ತೆಗೆದುಕೊಳ್ಳಿ. ಐದರಿಂದ ಒಂಬತ್ತರವರೆಗೆ ಅಮ್ಮ ಅಲ್ಲೇ ಇರುತ್ತಾಳೆ, ನೋಡುತ್ತಾಳೆ.