ಫರಾಮಿರ್‌ನನ್ನು ಬದಲಿಸಿದ್ದು ಸರಿಯೇ?

ಟೋಲ್ಕಿನ್ ಅವರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ನ ಎರಡನೇ ಸಂಪುಟ ‘ದಿ ಟೂ ಟವರ್ಸ್’ (1954). ಅದರಲ್ಲಿ ಗೊಂಡೋರ್ ರಾಜ್ಯದ ದಳಪತಿ ಫರಾಮಿರ್, ದುಷ್ಟ ಸೌರಾನ್‌ನ ಮಹಾಶಕ್ತಿಯ ಉಂಗುರದ ಗುಟ್ಟು ತಿಳಿದ ಮೇಲೂ ಅದಕ್ಕೆ ಕೈಯೊಡ್ಡದೆ, ಅದನ್ನು ನಾಶಮಾಡಲು ಹೊರಟ ಫ್ರೊಡೊ ಮತ್ತು ಸ್ಯಾಮ್‌ರನ್ನು ಬೀಳ್ಕೊಡುತ್ತಾನೆ. ಪೀಟರ್ ಜಾಕ್ಸನ್ ಅವರ 2002ರ ಚಿತ್ರದಲ್ಲಿ ಅವನೇ ಇಬ್ಬರನ್ನೂ ಸೆರೆಯಾಳುಗಳಾಗಿ ಆಸ್ಗಿಲಿಯಾತ್ ಎಂಬ ಪಾಳು ನಗರಕ್ಕೆ ಎಳೆದೊಯ್ದು, ಕೊನೆ ಗಳಿಗೆಯಲ್ಲಿ ಬಿಟ್ಟುಬಿಡುತ್ತಾನೆ. ಈ ಬದಲಾವಣೆ ಬೇಕಿತ್ತೇ?

ಪರ

ಪುಸ್ತಕದ ಈ ಸಂಪುಟ ಎರಡು ಹೋಳು. ಮೊದಲ ಹೋಳಿನಲ್ಲಿ ರೋಹನ್ ರಾಜ್ಯದ ಯುದ್ಧ ಪೂರ್ತಿ ಮುಗಿದ ಮೇಲೆಯೇ ಫ್ರೊಡೊನ ದಾರಿ ಶುರು. ಓದುವವರಿಗೆ ಇದು ಸರಿ. ಆದರೆ 179 ನಿಮಿಷದ ಚಿತ್ರದಲ್ಲಿ ಅರ್ಧದಷ್ಟು ಹೊತ್ತು ಫ್ರೊಡೊನ ಮುಖವನ್ನೇ ತೋರಿಸದಿರಲು ಆಗುವುದಿಲ್ಲ. ಹಾಗಾಗಿ ಮೂರು ಎಳೆಗಳನ್ನು ಒಟ್ಟಿಗೆ ಹೆಣೆದರು: ಹೆಲ್ಮ್ಸ್ ಡೀಪ್ ಕೋಟೆಯ ಕದನ, ಮಾಂತ್ರಿಕನ ನೆಲೆ ಐಸೆನ್‌ಗಾರ್ಡ್ ಮೇಲೆ ಎಂಟ್‌ಗಳೆಂಬ ಮರದಂಥ ಜೀವಿಗಳ ದಾಳಿ, ಫ್ರೊಡೊನ ನಡಿಗೆ. ಹೆಣೆದ ಮೇಲೆ ಮೂರೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ತುದಿ ಮುಟ್ಟಬೇಕು.

ಪುಸ್ತಕದಲ್ಲಿ ಫ್ರೊಡೊನ ಎಳೆಯ ತುದಿ ಶೆಲೋಬ್ ಎಂಬ ಹೆಜ್ಜೇಡದ ಗವಿ. ಆದರೆ ಅನುಬಂಧದಲ್ಲಿ ಟೋಲ್ಕಿನ್ ಅವರೇ ಕೊಟ್ಟ ತಾರೀಖುಗಳನ್ನು ನೋಡಿ. ಹೆಲ್ಮ್ಸ್ ಡೀಪ್ ಕದನ ಮಾರ್ಚ್ 3ರ ರಾತ್ರಿ, ಫರಾಮಿರ್ ಭೇಟಿ 7ಕ್ಕೆ, ಶೆಲೋಬ್ 12ಕ್ಕೆ, ಪೆಲೆನ್ನೋರ್ ಬಯಲಿನ ಮಹಾಯುದ್ಧ 15ಕ್ಕೆ. ಶೆಲೋಬ್‌ಗೆ ತಕ್ಕ ಜಾಗ ಮೂರನೇ ಚಿತ್ರವೇ. ಅದನ್ನು ಅಲ್ಲಿಗೆ ಸಾಗಿಸಿದರೆ ಇಲ್ಲಿ ಉಳಿಯುವುದು ಗುಹೆಯೊಳಗೆ ಒಂದು ಊಟ, ದೀರ್ಘ ಮಾತುಕತೆ, ಬೆಳಿಗ್ಗೆ ಬುತ್ತಿ ಕಟ್ಟಿಸಿಕೊಂಡು ಹೊರಡುವುದು. ಒಂದು ಕಡೆ ಕೋಟೆಯ ಗೋಡೆ ಸಿಡಿಯುವಾಗ ಇನ್ನೊಂದು ಕಡೆ ಇದನ್ನಿಟ್ಟರೆ ಚಿತ್ರ ಸೊರಗುತ್ತದೆ.

ಬರೀ ಜಾಗ ತುಂಬಿಸಲು ಮಾಡಿದ ಬದಲಾವಣೆಯೂ ಇದಲ್ಲ. ಚಿತ್ರದ ದೀರ್ಘ ಆವೃತ್ತಿಯಲ್ಲಿ ಒಂದು ಮಾತು ಹೇಗೆ ಕೈ ಬದಲಿಸುತ್ತದೆ ಎಂದು ಗಮನಿಸಬೇಕು. ‘ಗೊಂಡೋರ್‌ನ ದಳಪತಿ ಫರಾಮಿರ್‌ಗೆ ತನ್ನ ಯೋಗ್ಯತೆ ತೋರಿಸಲು ಒಂದು ಅವಕಾಶ’ ಎನ್ನುವುದು ಪುಸ್ತಕದಲ್ಲಿ ಫರಾಮಿರ್‌ನದೇ ಮಾತು. ಚಿತ್ರದ ಹಿನ್ನೋಟದಲ್ಲಿ ಅದನ್ನು ತಂದೆ ಡೆನೆಥೋರ್ ಮಗನನ್ನು ಹೀಯಾಳಿಸಲು ಬಳಸುತ್ತಾನೆ. ಉಂಗುರ ಕಂಡಾಗ ಅದೇ ಮಾತು ಮಗನ ಬಾಯಲ್ಲಿ ಬರುತ್ತದೆ. ಇಬ್ಬರನ್ನೂ ಬಿಟ್ಟುಕೊಟ್ಟ ಮೇಲೆ, ನಿಮ್ಮ ಯೋಗ್ಯತೆ ತೋರಿಸಿದಿರಿ, ಅದು ಅತ್ಯುನ್ನತವಾದದ್ದು ಎಂದು ಸ್ಯಾಮ್ ಹೇಳುತ್ತಾನೆ. ಅವನನ್ನು ಉಂಗುರದತ್ತ ಎಳೆದದ್ದು ಅಧಿಕಾರದ ಹಸಿವಲ್ಲ, ತಂದೆಯ ಒಂದು ಒಳ್ಳೆಯ ಮಾತಿನ ಹಸಿವು. ಬಿಟ್ಟುಕೊಡುವಾಗ, ನಮ್ಮ ಕಾನೂನಿನಂತೆ ನಿನ್ನ ತಲೆ ಹೋಗುತ್ತದೆ ಎಂದು ಸಂಗಡಿಗ ಎಚ್ಚರಿಸುತ್ತಾನೆ. ಹೋಗಲಿ ಎನ್ನುತ್ತಾನೆ ಫರಾಮಿರ್. ಆ ತ್ಯಾಗದ ಬೆಲೆ ಪ್ರೇಕ್ಷಕರಿಗೆ ಕಣ್ಣಾರೆ ಕಾಣುತ್ತದೆ.

ವಿರೋಧ

ಈ ಬದಲಾವಣೆಗೆ ಸಾಮಾನ್ಯವಾಗಿ ಕೊಡುವ ಸಮರ್ಥನೆ: ಉಂಗುರ ಎಲ್ಲರನ್ನೂ ಕೆಡಿಸುತ್ತದೆ ಎಂದು ಇಡೀ ಮೊದಲ ಚಿತ್ರ ಹೇಳಿದ ಮೇಲೆ, ಒಬ್ಬ ಬೇಡವೆಂದರೆ ಅದರ ಬಲವೇ ಕುಸಿಯುತ್ತದೆ. ಹಾಗಾದರೆ ಮೊದಲ ಚಿತ್ರದ ಕೊನೆಯಲ್ಲಿ ಫ್ರೊಡೊನ ಸಂಗಡಿಗ ಅರಗೊರ್ನ್ ಮಾಡಿದ್ದೇನು? ಫ್ರೊಡೊ ಅಂಗೈಯಲ್ಲಿ ಉಂಗುರ ಹಿಡಿದು ನಿಂತಾಗ ಮಂಡಿಯೂರಿ ಆ ಬೆರಳುಗಳನ್ನು ಮಡಚಿ ಕಳಿಸುತ್ತಾನೆ. ಇದು ಪುಸ್ತಕದಲ್ಲಿಲ್ಲದ, ಚಿತ್ರತಂಡವೇ ಸೇರಿಸಿದ ದೃಶ್ಯ. ಅಲ್ಲಿ ಕುಸಿಯದ ಬಲ ಇಲ್ಲಿ ಯಾಕೆ ಕುಸಿಯಬೇಕು? ಪುಸ್ತಕದ ಫರಾಮಿರ್ ಉಂಗುರವನ್ನು ಕಣ್ಣಿಂದಲೂ ನೋಡುವುದಿಲ್ಲ. ಸ್ಯಾಮ್ ಬಾಯಿತಪ್ಪಿ ಆಡಿದ ಮಾತಿನಿಂದಷ್ಟೇ ಅವನಿಗೆ ತಿಳಿಯುವುದು.

ಇನ್ನು ಆ ‘ಯೋಗ್ಯತೆ’ಯ ಮಾತು. ಪುಸ್ತಕದಲ್ಲಿ ಅದನ್ನು ಹೇಳುತ್ತಾ ಫರಾಮಿರ್ ಎದ್ದು ನಿಲ್ಲುತ್ತಾನೆ, ಕಣ್ಣುಗಳು ಮಿನುಗುತ್ತವೆ. ಫ್ರೊಡೊ, ಸ್ಯಾಮ್ ಗೋಡೆಗೆ ಬೆನ್ನು ಕೊಟ್ಟು ಕತ್ತಿಯ ಹಿಡಿಗೆ ತಡಕಾಡುತ್ತಾರೆ. ಗುಹೆಯಲ್ಲಿದ್ದವರೆಲ್ಲ ಮಾತು ನಿಲ್ಲಿಸಿ ಇತ್ತ ನೋಡುತ್ತಾರೆ. ಅವನು ಮತ್ತೆ ಕೂತು ಮೆಲ್ಲಗೆ ನಗುತ್ತಾನೆ. ಆಮಿಷ ಬಂದದ್ದು, ಸೋತದ್ದು ಎಲ್ಲ ಇಷ್ಟರೊಳಗೇ ಇದೆ. ಒಳ್ಳೆಯ ನಟನಿಗೆ ಇದಕ್ಕೆ ಅರ್ಧ ನಿಮಿಷ ಸಾಕು, ಡೇವಿಡ್ ವೆನ್‌ಹ್ಯಾಮ್ ಅಂಥ ನಟರೇ. ಚಿತ್ರ ಮಾತನ್ನು ಉಳಿಸಿಕೊಂಡು ನಗುವನ್ನು ಕೈಬಿಟ್ಟಿತು.

ದೊಡ್ಡ ಪೆಟ್ಟು ಬಿದ್ದದ್ದು ಕಥೆಯ ತರ್ಕಕ್ಕೆ. ಆಸ್ಗಿಲಿಯಾತ್‌ನಲ್ಲಿ ಫ್ರೊಡೊ ಹಾರುವ ಮೃಗದ ಮೇಲಿನ ನಾಜ್ಗುಲ್ ಎದುರು ಉಂಗುರವನ್ನು ಎತ್ತಿ ಹಿಡಿಯುತ್ತಾನೆ. ಸೌರಾನ್‌ನ ದೂತನ ಕಣ್ಣಿಗೇ ಅದು ಬಿದ್ದಾಯಿತು. ಉಂಗುರ ಗೊಂಡೋರ್‌ನವರ ಕೈ ಸೇರಿತೆಂದು ಸೌರಾನ್ ತಿಳಿದನೆಂದು ಸಮರ್ಥಿಸಬಹುದು. ಆದರೆ ಮೂರನೇ ಚಿತ್ರ ಈ ಮುಖಾಮುಖಿಯಿಂದ ಏನನ್ನೂ ಬೆಳೆಸುವುದಿಲ್ಲ. ಉಂಗುರ ಎಲ್ಲಿದೆ ಎಂಬುದು ವೈರಿಗೆ ತಿಳಿಯದಿರುವುದೇ ಫ್ರೊಡೊನ ಏಕೈಕ ರಕ್ಷಣೆ, ಚಿತ್ರ ಅದನ್ನೇ ತೂತು ಮಾಡಿತು. ದಾರಿಯೂ ತಿರುಗುಮುರುಗು. ಫ್ರೊಡೊ ಸಾಗಬೇಕಾದ ಮಿನಾಸ್ ಮೋರ್ಗುಲ್ ಪೂರ್ವಕ್ಕಿದೆ, ಆಸ್ಗಿಲಿಯಾತ್ ಪಶ್ಚಿಮಕ್ಕೆ, ನದಿಯ ಮೇಲೆ. ಆ ತೊಡಕು ಬಿಡಿಸಲು ದೀರ್ಘ ಆವೃತ್ತಿ ನದಿಯಡಿಯ ಹಳೆಯ ಚರಂಡಿಯೊಂದನ್ನು ಹುಡುಕಿಕೊಳ್ಳಬೇಕಾಯಿತು.

ಫ್ರೊಡೊನ ಎಳೆಗೆ ತುದಿ ಬೇಕಿತ್ತು, ಒಪ್ಪೋಣ. ಆದರೆ ಅದು ಪುಸ್ತಕದಲ್ಲೇ ಇತ್ತು. ಕಿರಿತ್ ಉಂಗೋಲ್ ಎಂಬ ಬೆಟ್ಟದ ದಾರಿಯ ಮೆಟ್ಟಿಲ ಮೇಲೆ ನಿದ್ದೆಹೋದ ಫ್ರೊಡೊನ ಮಂಡಿಯನ್ನು, ಉಂಗುರದ ಆಸೆಯಲ್ಲಿ ಕೆಟ್ಟು ಈಗ ಅವರಿಗೆ ದಾರಿ ತೋರುತ್ತಿರುವ ಗೊಲ್ಲಮ್ ಅಳುಕುತ್ತಾ ಮುಟ್ಟುತ್ತಾನೆ. ಪಶ್ಚಾತ್ತಾಪದ ಹೊಸ್ತಿಲಲ್ಲಿದ್ದಾನೆ. ಅಷ್ಟರಲ್ಲಿ ಎಚ್ಚರಗೊಂಡ ಸ್ಯಾಮ್ ಗದರುತ್ತಾನೆ, ಆ ಗಳಿಗೆ ಕೈತಪ್ಪುತ್ತದೆ. ಇಡೀ ಕಥೆಯಲ್ಲಿ ತಮಗೆ ಬಹುಶಃ ಅತ್ಯಂತ ದುರಂತವಾಗಿ ಕಂಡ ಕ್ಷಣ ಇದೆಂದು ಟೋಲ್ಕಿನ್ ಪತ್ರವೊಂದರಲ್ಲಿ ಬರೆದಿದ್ದಾರೆ. ಕೋಟೆ ಉಳಿಯಿತು, ಅಣೆಕಟ್ಟು ಒಡೆಯಿತು, ಇತ್ತ ಒಂದು ಜೀವ ತಿದ್ದಿಕೊಳ್ಳುವುದು ಕೂದಲೆಳೆಯಲ್ಲಿ ತಪ್ಪಿತು ಎಂದು ಎರಡನೇ ಚಿತ್ರ ಮುಗಿಯಬಹುದಿತ್ತು. ಜಾಕ್ಸನ್ ಈ ದೃಶ್ಯವನ್ನು ಯಾವ ಚಿತ್ರದಲ್ಲೂ ಬಳಸಲಿಲ್ಲ.

ಬೆಲೆ ತೆರುವ ಮಾತಿಗೂ ಆಸ್ಗಿಲಿಯಾತ್ ಬೇಕಿರಲಿಲ್ಲ. ಅಪ್ಪಣೆಯಿಲ್ಲದೆ ಆ ನೆಲದಲ್ಲಿ ಸಿಕ್ಕವರನ್ನು ಕೊಲ್ಲಬೇಕೆಂಬ ಕಟ್ಟಳೆ ಪುಸ್ತಕದ ಫರಾಮಿರ್‌ಗೂ ಇದೆ. ಫ್ರೊಡೊನಿಗೆ ಒಂದು ವರ್ಷ ಒಂದು ದಿನದ ರಹದಾರಿ ಕೊಡುವುದು ತನ್ನ ತಲೆಯನ್ನು ಒತ್ತೆಯಿಟ್ಟೇ. ಆಮೇಲೆ, ನಿನ್ನ ಅಣ್ಣ ಬೊರೊಮಿರ್ ಆಗಿದ್ದರೆ ಆ ಉಡುಗೊರೆಯನ್ನು ನನಗೆ ತಂದುಕೊಡುತ್ತಿದ್ದ ಎಂದು ತಂದೆ ಹಂಗಿಸುತ್ತಾನೆ. ಪುಸ್ತಕದಲ್ಲಿ ಆ ಹಂಗು ಅಣ್ಣತಮ್ಮಂದಿರನ್ನು ನಿಚ್ಚಳವಾಗಿ ಬೇರ್ಪಡಿಸುತ್ತದೆ. ಚಿತ್ರದ ತಮ್ಮನಾದರೋ ಆ ಉಡುಗೊರೆಯನ್ನು ಅರ್ಧ ದಾರಿ ಹೊತ್ತು ತಂದವನೇ.